ಒಂದೇ ಹಾಡು, ಜಾರುವ ಷಡ್ಜ: ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಮೂಕಿ ಚಿತ್ರಕ್ಕೆ ಸಂಗೀತ ಕಟ್ಟುವ ಬಗೆ

ಪ್ಯಾರಿಸ್ಸಿನ ಒಪೆರಾ ಭವನದ ನೆಲಮಾಳಿಗೆಯಲ್ಲಿ ಮುಖವಾಡ ತೊಟ್ಟು ಬದುಕುವ ಎರಿಕ್. ಮೇಲೆ ರಂಗದಲ್ಲಿ ಹಾಡುವ ಕ್ರಿಸ್ಟೀನ್. ಅವಳ ದನಿಗೆ ಅವನು ಮರುಳಾಗಿದ್ದಾನೆ. ಆ ಮರುಳು ಮೊದಲು ಪಾಠವಾಗುತ್ತದೆ, ಆಮೇಲೆ ಅಪ್ಪಣೆಯಾಗುತ್ತದೆ, ಕೊನೆಗೆ ಅಪಹರಣವಾಗುತ್ತದೆ. ರೂಪರ್ಟ್ ಜೂಲಿಯನ್ ನಿರ್ದೇಶಿಸಿ, ಲಾನ್ ಚೇನಿ ಮತ್ತು ಮೇರಿ ಫಿಲ್ಬಿನ್ ನಟಿಸಿದ 1925ರ ಈ ಚಿತ್ರದಲ್ಲಿ ಮಾತೂ ಇಲ್ಲ, ಸಂಗೀತವೂ ಇಲ್ಲ. ಸಂಗೀತದ ಬಗ್ಗೆಯೇ ಇರುವ ಕಥೆ ಸಂಗೀತವಿಲ್ಲದೆ ನಮ್ಮ ಕೈಗೆ ಬರುತ್ತದೆ. ಪರದೆಯ ಪಕ್ಕ ಕೂತು ನುಡಿಸುವವರಿಗೆ ಇದಕ್ಕಿಂತ ದೊಡ್ಡ ಕರೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ‘ಮೂಲ ಸಂಗೀತ’ ಎಂಬುದು ಉಳಿದಿಲ್ಲ. ಆ ಕಾಲದಲ್ಲಿ ಗುಸ್ಟಾವ್ ಹಿನ್ರಿಕ್ಸ್ ಸಂಗೀತ ಹೊಂದಿಸಿಕೊಟ್ಟಿದ್ದರು. ಆದರೆ ಊರೂರಿನ ಚಿತ್ರಮಂದಿರಗಳಲ್ಲಿ ಆರ್ಗನ್ ವಾದಕರು ತಮ್ಮ ತಮ್ಮ ಬುದ್ಧಿಗೆ ತೋಚಿದ್ದನ್ನು ನುಡಿಸುತ್ತಿದ್ದರು. ನಂತರವೂ ಬೇಕಾದಷ್ಟು ಮಂದಿ ಹೊಸದಾಗಿ ಬರೆದಿದ್ದಾರೆ. ಕಾರ್ಲ್ ಡೇವಿಸ್ 1996ರಲ್ಲಿ ಪುನರುಜ್ಜೀವಿತ ಪ್ರತಿಗೆ ಸಂಗೀತ ಕೊಟ್ಟರು. ರಾಯ್ ಬಡ್ ಪೂರ್ಣ ವಾದ್ಯವೃಂದಕ್ಕೆ ಬರೆದು ಮುಗಿಸಿ, ಅದು ವೇದಿಕೆಯ ಮೇಲೆ ಮೊಳಗುವುದನ್ನು ಕೇಳದೆಯೇ 1993ರಲ್ಲಿ ತೀರಿಕೊಂಡರು. ಲಂಡನ್ನಿನ ಸಭಾಂಗಣದಲ್ಲಿ ಅದು ನುಡಿದದ್ದು 2017ರಲ್ಲಿ. ಹಾಗಾಗಿ ಒಂದು ಕೀಬೋರ್ಡು, ಒಂದು ಪಿಟೀಲು, ಒಂದು ಹಾರ್ಮೋನಿಯಂ ಇಟ್ಟುಕೊಂಡು ನೀವೂ ಧೈರ್ಯವಾಗಿ ಕೈಹಾಕಬಹುದು. ನಾನು ಮಾಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪ್ರತಿ ಮತ್ತು ವೇಗ

ಈ ಚಿತ್ರ ಒಂದೇ ರೂಪದಲ್ಲಿ ಸಿಗುವುದಿಲ್ಲ. 1925ರಲ್ಲಿ ಬಿಡುಗಡೆಯಾದ ರೂಪ ಒಂದು. ಟಾಕಿ ಬಂದಮೇಲೆ ಸ್ಟುಡಿಯೊದವರು ಭಾಗಗಳನ್ನು ಮತ್ತೆ ಚಿತ್ರೀಕರಿಸಿ, ದನಿ ಸೇರಿಸಿ 1930ರಲ್ಲಿ ಮರುಬಿಡುಗಡೆ ಮಾಡಿದರು. ಇವತ್ತು ನಾವು ನೋಡುವ ಒಳ್ಳೆಯ ಪ್ರತಿಗಳು ಬಹುಮಟ್ಟಿಗೆ ಆ ಎರಡನೆಯ ಸಂಕಲನದಿಂದ ಬಂದವು. ದೃಶ್ಯಗಳ ಕ್ರಮವೂ ಉದ್ದವೂ ಪ್ರತಿಯಿಂದ ಪ್ರತಿಗೆ ಬದಲಾಗುತ್ತವೆ. ವೇಗ ಇನ್ನೊಂದು ತೊಡಕು. ಸೆಕೆಂಡಿಗೆ 20 ಫ್ರೇಮಿನಲ್ಲಿ 6 ನಿಮಿಷ ಓಡುವ ದೃಶ್ಯ, 24 ಫ್ರೇಮಿನಲ್ಲಿ 5 ನಿಮಿಷಕ್ಕೇ ಮುಗಿಯುತ್ತದೆ. ಒಂದು ಪ್ರತಿಗೆ ಅಭ್ಯಾಸ ಮಾಡಿ ಇನ್ನೊಂದಕ್ಕೆ ನುಡಿಸಲು ಕೂತರೆ ಮೊದಲ ಹತ್ತು ನಿಮಿಷದಲ್ಲೇ ದಾರಿ ತಪ್ಪುತ್ತದೆ. ಪ್ರದರ್ಶನದ ದಿನ ಯಾವ ಫೈಲು ಓಡುತ್ತದೋ ಅದನ್ನೇ ಮನೆಗೆ ತಂದು ಅಭ್ಯಾಸ ಮಾಡಿ.

ಹಕ್ಕಿನ ವಿಷಯ ಸಣ್ಣದಲ್ಲ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಪ್ರಕಟಣೆಯಾದ ಮೇಲೆ 60 ವರ್ಷ. ಅಷ್ಟು ಕಾಲ ಎಂದೋ ಕಳೆದಿದೆ. ಆದರೆ ಡಿಸ್ಕಿನಲ್ಲಿ ಸೇರಿಸಿರುವ ಹೊಸ ಸಂಗೀತಕ್ಕೆ ಬೇರೆ ಹಕ್ಕಿದೆ. ಸದ್ದು ಪೂರಾ ತೆಗೆದು ಓಡಿಸಿ. ಪುನರುಜ್ಜೀವಿತ ಪ್ರತಿಯನ್ನು ಸಾರ್ವಜನಿಕವಾಗಿ ತೋರಿಸಲು ಅದನ್ನು ಹೊರತಂದವರ ಅನುಮತಿ ಕೇಳಿ. ಇದೇ ಕಥೆಯ ಮೇಲೆ 1986ರಲ್ಲಿ ಲಂಡನ್ನಿನಲ್ಲಿ ಶುರುವಾದ ಪ್ರಸಿದ್ಧ ಸಂಗೀತ ನಾಟಕದ ಧಾಟಿಗಳನ್ನಂತೂ ಮುಟ್ಟಬೇಡಿ. ಅವಕ್ಕೆ ಹಕ್ಕುಸ್ವಾಮ್ಯವಿದೆ ಎಂಬುದಷ್ಟೇ ಕಾರಣವಲ್ಲ. ಸಭೆಯ ಕಿವಿ ಆ ನಾಟಕಕ್ಕೆ ಹೋಗಿಬಿಟ್ಟರೆ ಲಾನ್ ಚೇನಿಯ ಮುಖ ಒಂಟಿಯಾಗುತ್ತದೆ.

ಮೂರು ಸಲ ಸದ್ದಿಲ್ಲದೆ ನೋಡಿ

ವಾದ್ಯ ಮುಟ್ಟದೆ, ಹಿನ್ನೆಲೆಗೆ ಏನೂ ಹಾಕದೆ ಮೂರು ಸಲ ನೋಡಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಕೈಯಲ್ಲಿ ಪುಸ್ತಕ: ಯಾವ ನಿಮಿಷ, ಯಾವ ಸೆಕೆಂಡಿಗೆ ದೃಶ್ಯ ಬದಲಾಗುತ್ತದೆ, ಯಾವ ಬರಹದ ಫಲಕ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗೀಚಿಕೊಳ್ಳಿ. ಹಳೆಯ ಆರ್ಗನ್ ವಾದಕರು ಇದನ್ನೇ ಕ್ಯೂ ಶೀಟ್ ಎನ್ನುತ್ತಿದ್ದರು. ಮೂರನೆಯ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿ: ಈ ಕ್ಷಣದಲ್ಲಿ ಪರದೆಯ ಮೇಲಿರುವ ಯಾರಿಗಾದರೂ ಸಂಗೀತ ಕೇಳಿಸುತ್ತಿದೆಯೇ?

ಈ ಚಿತ್ರದಲ್ಲಿ ಉತ್ತರ ಮತ್ತೆಮತ್ತೆ ‘ಹೌದು’. ಕ್ರಿಸ್ಟೀನ್ ಹಾಡುತ್ತಾಳೆ, ಭವನದ ಇನ್ನೊಬ್ಬ ಗಾಯಕಿ ಕಾರ್ಲೊಟ್ಟಾ ಹಾಡುತ್ತಾಳೆ, ಹುಡುಗಿಯರು ಕುಣಿಯುತ್ತಾರೆ, ಗೋಡೆಯಾಚೆಯಿಂದ ಒಂದು ದನಿ ಬರುತ್ತದೆ, ಎರಿಕ್ ಆರ್ಗನ್ ನುಡಿಸುತ್ತಾನೆ. ಇಂಥ ಕಡೆಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಕೆಂಪು ಗುರುತಿನ ಸಂಗೀತ ಕಥೆಯೊಳಗಿನದು, ಅದು ಬೆರಳಿಗೂ ತುಟಿಗೂ ಹೊಂದಲೇಬೇಕು. ಉಳಿದದ್ದು ಮಾತ್ರ ನಿಮ್ಮ ಹಿನ್ನೆಲೆ. ಎರಡಕ್ಕೂ ಬೇರೆ ಬೇರೆ ವಾದ್ಯದ ಬಣ್ಣ ಇಟ್ಟುಕೊಂಡರೆ ನೋಡುವವರಿಗೆ ತಿಳಿಯದಂತೆಯೇ ತಿಳಿಯುತ್ತದೆ. ನಾನು ಎರಿಕ್‌ನ ವಾದ್ಯಕ್ಕೆ ಮಾತ್ರ ಕೀಬೋರ್ಡಿನ ಪೈಪ್ ಆರ್ಗನ್ ದನಿ ಬಳಸುತ್ತೇನೆ, ಬೇರೆಲ್ಲೂ ಅದನ್ನು ಒತ್ತುವುದಿಲ್ಲ. ಕ್ರಿಸ್ಟೀನ್ ಪಿಟೀಲು. ಹಿನ್ನೆಲೆ ಪಿಯಾನೊ ಮತ್ತು ಹಾರ್ಮೋನಿಯಂ. ಹಾರ್ಮೋನಿಯಂ ಇಲ್ಲಿ ಪರದೇಶಿಯಲ್ಲ. ಅಲೆಕ್ಸಾಂಡ್ರ್ ದೆಬೆಂ ಆ ಹೆಸರಿನಲ್ಲಿ ಹಕ್ಕುಪತ್ರ ಪಡೆದದ್ದು ಪ್ಯಾರಿಸ್ಸಿನಲ್ಲೇ, 1840ರ ದಶಕದಲ್ಲಿ. ಕೈತಿದಿಯ ಪೆಟ್ಟಿಗೆಯಾಗಿ ನಮ್ಮ ಭಜನೆಗೂ ಕಂಪನಿ ನಾಟಕಕ್ಕೂ ಬಂದದ್ದು ಆಮೇಲೆ. ಅದಕ್ಕೆ ಉಸಿರಿದೆ, ಮತ್ತು ಈ ಕಥೆಗೆ ಉಸಿರು ಬೇಕು.

ಭಯಕ್ಕಲ್ಲ, ಮೋಹಕ್ಕೆ ಧಾಟಿ ಕಟ್ಟಿ

ಇಡೀ ಕೆಲಸದ ಬೇರು ಇಲ್ಲಿದೆ, ಸ್ವಲ್ಪ ನಿಧಾನಿಸುತ್ತೇನೆ.

ದೆವ್ವದ ಚಿತ್ರ ಎಂದ ಕೂಡಲೇ ಕೈ ತಾನಾಗಿ ಮಂದ್ರಕ್ಕೆ ಹೋಗಿ ಗುಡುಗುಡು ಎನ್ನಿಸುತ್ತದೆ. ಬಾಖ್ ಹೆಸರಿನ ಡಿ ಮೈನರ್ ಟೊಕಾಟಾದ ಮೊದಲ ಸಾಲು ಬೆರಳಿಗೆ ಬರುತ್ತದೆ. ಬೇಡ. ಎಷ್ಟೋ ಭಯಚಿತ್ರಗಳಲ್ಲಿ ಸವೆದ ನಾಣ್ಯ ಅದು. ಅದಕ್ಕಿಂತ ಮುಖ್ಯವಾಗಿ, ಎರಿಕ್ ಕ್ರಿಸ್ಟೀನಳನ್ನು ಹೆದರಿಸಲು ಹೊರಟವನಲ್ಲ. ಅವನ ತಲೆಯಲ್ಲಿ ಅವಳ ಹಾಡು ಸುತ್ತುತ್ತಿದೆ. ಅವನಿಗೆ ತನ್ನದೆನ್ನುವ ಧಾಟಿಯೇ ಇರಬಾರದು. ಅವಳ ಹಾಡೇ ಅವನೊಳಗೆ ಕೆಡಬೇಕು.

ಈ ಉಪಾಯ ಪ್ಯಾರಿಸ್ಸಿನದ್ದೇ. 1827ರಲ್ಲಿ ಎಕ್ತೋರ್ ಬರ್ಲಿಯೋಜ್ ಎಂಬ ಯುವ ಸಂಗೀತಗಾರ ಅಲ್ಲಿಯ ಓದೆಯೋಂ ರಂಗಮಂದಿರದಲ್ಲಿ ಐರ್ಲೆಂಡಿನ ನಟಿ ಹ್ಯಾರಿಯೆಟ್ ಸ್ಮಿತ್ಸನ್ ‘ಹ್ಯಾಮ್ಲೆಟ್’ ನಾಟಕದ ಒಫೀಲಿಯಾ ಆಗಿ ನಟಿಸಿದ್ದನ್ನು ಕಂಡರು. ಪರಿಚಯವಿಲ್ಲ, ಭಾಷೆ ಬಾರದು, ಪತ್ರಗಳ ಮೇಲೆ ಪತ್ರ. ಆ ಹುಚ್ಚಿನಿಂದ 1830ರಲ್ಲಿ ‘ಸಿಂಫನಿ ಫಾಂತಾಸ್ತಿಕ್’ ಎಂಬ ಸಿಂಫನಿ ಹುಟ್ಟಿತು. ಅದರಲ್ಲಿ ನಲ್ಲೆಗೆ ಒಂದೇ ಧಾಟಿ. ಅದು ಐದೂ ಭಾಗಗಳಲ್ಲಿ ಬಂದು ಕಾಡುತ್ತದೆ: ನೃತ್ಯದ ನಡುವೆ, ಹೊಲದ ಮೌನದಲ್ಲಿ, ಗಿಲೊಟಿನ್ ಬೀಳುವ ಮುನ್ನ ಒಂದು ಕ್ಲಾರಿನೆಟ್ಟಿನಲ್ಲಿ, ಕೊನೆಗೆ ಮಾಟಗಾತಿಯರ ಕುಣಿತದಲ್ಲಿ ಅಣಕದ ರೂಪದಲ್ಲಿ. 1832ರಲ್ಲಿ ಅದನ್ನು ಮತ್ತೆ ನುಡಿಸಿದಾಗ ಸ್ಮಿತ್ಸನ್ ಸಭೆಯಲ್ಲಿ ಕೂತಿದ್ದರು. ಮರುವರ್ಷ ಇಬ್ಬರೂ ಮದುವೆಯಾದರು, ಆ ದಾಂಪತ್ಯ ಬಾಳಲಿಲ್ಲ. ಕಲಾವಿದೆಯ ಹಿಂದೆ ಬಿದ್ದ ಅಭಿಮಾನಿಯ ಮನಸ್ಸು ಹೇಗೆ ಕೇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಖಚಿತ ಪಾಠ ನನಗೆ ಸಿಕ್ಕಿಲ್ಲ. ಚಿತ್ರಕ್ಕೆ ಕೂರುವ ಮುನ್ನ ಒಂದು ಸಂಜೆ ಅದನ್ನು ಪೂರ್ತಿ ಕೇಳಿ.

ಈಗ ನಿಮ್ಮ ಧಾಟಿ. ಕ್ರಿಸ್ಟೀನ್ ಹಾಡುವುದು ಶಾರ್ಲ್ ಗೂನೊ ಅವರ ‘ಫೌಸ್ಟ್’ ಒಪೆರಾದ ಮಾರ್ಗರೀಟ್ ಪಾತ್ರ. 1859ರ ಕೃತಿ, ಗೂನೊ ತೀರಿಕೊಂಡದ್ದು 1893ರಲ್ಲಿ, ಆದ್ದರಿಂದ ಧಾರಾಳವಾಗಿ ಬಳಸಬಹುದು. ಪಿಯಾನೊ ಮತ್ತು ಗಾಯನದ ಸ್ವರಲಿಪಿ ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ಕೊನೆಯ ಸೆರೆಮನೆಯ ದೃಶ್ಯದಲ್ಲಿ ಮಾರ್ಗರೀಟ್ ದೇವದೂತರನ್ನು ಕರೆಯುವ ಸಾಲು ಮೂರು ಸಲ ಬರುತ್ತದೆ, ಪ್ರತಿ ಸಲವೂ ಶ್ರುತಿ ಒಂದು ಮೆಟ್ಟಿಲು ಮೇಲೆ: ಜಿ, ಎ, ಬಿ. ಆ ಏರಿಕೆಯನ್ನು ಮಾದರಿಯಾಗಿಟ್ಟುಕೊಂಡು ಎಂಟು ಮಟ್ಟುಗಳ (ಬಾರ್‌ಗಳ) ಒಂದು ಸರಳ ಹಾಡು ನೀವೇ ಮಾಡಿ. ಸಿ ಮೇಜರಿನಲ್ಲಿರಲಿ, ಬರೀ ಬಿಳಿ ಮನೆಗಳು. ನಮ್ಮ ಲೆಕ್ಕದಲ್ಲಿ ಶಂಕರಾಭರಣದ ಸ್ವರಗಳು. ಮಗು ಗುನುಗಬಲ್ಲಷ್ಟು ಸುಲಭವಾಗಿರಬೇಕು, ಏಕೆಂದರೆ ತೊಂಬತ್ತು ನಿಮಿಷ ಅದೇ ಕೇಳಿಸಲಿದೆ.

ಷಡ್ಜವನ್ನು ಜಾರಿಸುವುದು

ಬಲಗೈ ಹಾಡನ್ನು ಬದಲಿಸುವುದೇ ಇಲ್ಲ. ಎಡಗೈ ಹಿಡಿದ ಆಧಾರ ಸ್ವರ, ಅಂದರೆ ಷಡ್ಜ, ಮಾತ್ರ ಬದಲಾಗುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಗ್ರಹಭೇದ ಎಂದು ಕೂಡಲೇ ಗೊತ್ತಾಗುತ್ತದೆ. ಆ ಅಭ್ಯಾಸ ನಮಗಿದೆ, ಅದನ್ನು ಇಲ್ಲಿ ಯಾಕೆ ಬಿಡಬೇಕು?

ರಂಗದ ಮೇಲೆ ಕ್ರಿಸ್ಟೀನ್ ಗೆದ್ದಾಗ ಎಡಗೈ ಸಿ ಹಿಡಿಯಲಿ. ಬೆಳಕು, ಶಂಕರಾಭರಣ. ಅವಳ ಕೋಣೆಯಲ್ಲಿ ಗೋಡೆಯಾಚೆಯಿಂದ ದನಿ ಬಂದಾಗ ಎಡಗೈ ಎ ಗೆ ಇಳಿಯಲಿ, ಧೈವತವೇ ಷಡ್ಜವಾಗಲಿ: ನಠಭೈರವಿಯ ಛಾಯೆ, ಮೃದುವಾದ ಅಳಲು. ಅವಳಿನ್ನೂ ಆ ದನಿಯನ್ನು ನಂಬಿದ್ದಾಳೆ. ಕನ್ನಡಿಯ ಬಾಗಿಲು ತೆರೆದು, ಕುದುರೆ ಏರಿ, ಕಪ್ಪು ನೀರಿನ ಮೇಲೆ ದೋಣಿಯಲ್ಲಿ ಹೋಗುವಾಗ ಎಡಗೈ ಇ ಹಿಡಿಯಲಿ, ಗಾಂಧಾರವೇ ಷಡ್ಜ. ಈಗ ತೋಡಿಯ ಸ್ವರಸ್ಥಾನಗಳು. ಇಲ್ಲೊಂದು ಎಚ್ಚರ. ಪಿಟೀಲಿನವರು ಅಭ್ಯಾಸಬಲದಿಂದ ಗಮಕ ಹಾಕಿದರೆ ಸಭೆ ಒಮ್ಮೆಲೇ ಕಛೇರಿಗೆ ಹೋಗುತ್ತದೆ. ಸ್ವರಗಳು ಅಲುಗದೆ, ಚಪ್ಪಟೆಯಾಗಿ ನಿಲ್ಲಲಿ. ಹಾಡು ಮೊದಲಿನದೇ, ನೆಲ ಬೇರೆ ಎಂಬುದಷ್ಟೇ ಕೇಳಿಸಬೇಕು.

ಕೊನೆಯದು ಬಿ. ನಿಷಾದವನ್ನು ಷಡ್ಜ ಮಾಡಿದರೆ ಎರಡು ಮಧ್ಯಮಗಳು ಬರುತ್ತವೆ, ಪಂಚಮವೇ ಇರುವುದಿಲ್ಲ. ಅದಕ್ಕೇ ಶಂಕರಾಭರಣದ ಗ್ರಹಭೇದದಲ್ಲಿ ಈ ಮೆಟ್ಟಿಲಿಗೆ ಮೇಳಕರ್ತ, ಅಂದರೆ ಏಳೂ ಸ್ವರಗಳಿರುವ ಮೂಲರಾಗ, ಸಿಗುವುದಿಲ್ಲ, ವಿದ್ವಾಂಸರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಮಗೆ ಬೇಕಾದದ್ದು ಅದೇ. ಮಂದ್ರದಲ್ಲಿ ಬಿ ಹಿಡಿದು ಮೇಲೆ ಕ್ರಿಸ್ಟೀನಳ ಹಾಡನ್ನು ಒಂದು ಸ್ವರವೂ ಬದಲಿಸದೆ ನುಡಿಸಿ ನೋಡಿ. ತಂಬೂರಿಗೆ ಪಂಚಮದ ತಂತಿ ಕಿತ್ತುಹೋದಂತೆ, ಹಾಡು ಊರಲು ಜಾಗ ಹುಡುಕುತ್ತ ಅಲೆಯುತ್ತದೆ. ಮೂಕಿ ಕಾಲದ ವಾದಕರು ಭಯಕ್ಕೆಂದು ಬಳಸುತ್ತಿದ್ದ ಡಿಮಿನಿಶ್ಡ್ ಕಾರ್ಡಿನ ಕಸಿವಿಸಿಯೂ ಇದರಲ್ಲೇ ಅಡಗಿದೆ: ಬಿ, ಡಿ, ಎಫ್. ಈ ನಿಷಾದವನ್ನು ಮುಖವಾಡ ಕಳಚುವವರೆಗೆ ಕಾದಿಟ್ಟುಕೊಳ್ಳಿ. ಮೊದಲೇ ಖರ್ಚು ಮಾಡಿದರೆ ಮುಂದೆ ಹೋಗಲು ಮೆಟ್ಟಿಲಿರುವುದಿಲ್ಲ.

ತೂಗುದೀಪ

ನೆಲಮಾಳಿಗೆ, ನೀರು, ದೀಪ ಇವು ಕಾದಂಬರಿಕಾರ ಗಾಸ್ತೋಂ ಲೆರೂ ಗಾಳಿಯಲ್ಲಿ ಹುಟ್ಟಿಸಿದವಲ್ಲ. 1875ರಲ್ಲಿ ತೆರೆದ ಪ್ಯಾಲೆ ಗಾರ್ನಿಯೆ ಒಪೆರಾ ಭವನದ ತಳದಲ್ಲಿ ಈಗಲೂ ನೀರಿನ ತೊಟ್ಟಿಯಿದೆ. 1896ರಲ್ಲಿ ಅಲ್ಲಿ ತೂಗುದೀಪದ ಸಮತೂಕದ ಗುಂಡು ಪ್ರದರ್ಶನದ ನಡುವೆ ಕಳಚಿ ಬಿದ್ದು ಒಬ್ಬ ಮಹಿಳೆ ತೀರಿಕೊಂಡರು. ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಬಿಡಲಿಲ್ಲ: 1907ರಲ್ಲಿ ಅದೇ ಭವನದ ತಳಮನೆಯಲ್ಲಿ ಆ ಕಾಲದ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು, ನೂರು ವರ್ಷ ತೆಗೆಯಬಾರದೆಂದು ಮುಚ್ಚಿಟ್ಟರು. ನೆಲದಡಿ ಹೂತಿಟ್ಟ ದನಿಗಳು. ಲೆರೂ ಅದನ್ನು ತಮ್ಮ ಕಥೆಯ ಪೀಠಿಕೆಯಲ್ಲೇ ಎತ್ತಿಕೊಂಡರು.

ದೃಶ್ಯಕ್ಕೆ ಬರೋಣ. ಎರಿಕ್‌ನ ಎಚ್ಚರಿಕೆ ಮೀರಿ ಕಾರ್ಲೊಟ್ಟಾ ಹಾಡುತ್ತಾಳೆ, ದೀಪಗಳು ಮಿನುಗಿ ನಡುಗುತ್ತವೆ, ತೂಗುದೀಪ ಜನರ ಮೇಲೆ ಬೀಳುತ್ತದೆ. ಇಲ್ಲಿ ಗೂನೊ ಅವರ ಆಭರಣದ ಹಾಡನ್ನು ಹಾಕಿ: ಇ ಮೇಜರ್, ಮೂರೆಣಿಕೆಯ ನಡೆ, ತುಂಬ ಲವಲವಿಕೆ. ದೀಪ ನಡುಗತೊಡಗಿದಾಗ ನಿಧಾನ ಮಾಡಬೇಡಿ, ಮಂದ್ರದಲ್ಲಿ ಸೂಚನೆಯನ್ನೂ ಕೊಡಬೇಡಿ. ಹಾಡು ಅದೇ ಕಾಂತಿಯಲ್ಲಿ, ಕೊಂಚ ಬಿರುಸಾಗಿಯೇ ಓಡಲಿ. ಕಣ್ಣು ಹೆದರುತ್ತಿರುವಾಗ ಕಿವಿಗೆ ಗೊತ್ತೇ ಇಲ್ಲದಿರುವುದು ಭಯಂಕರ. ಬಿದ್ದ ಕ್ಷಣಕ್ಕೆ ಎರಡೂ ಮುಂಗೈಗಳನ್ನು ಕೆಳಗಿನ ಮನೆಗಳ ಮೇಲೆ ಒರಗಿಸಿ, ಪೆಡಲ್ ಒತ್ತಿಟ್ಟು, ಅದು ತಾನಾಗಿ ಆರುವವರೆಗೆ ಕೈಕಟ್ಟಿ ಕೂರಿ.

ಮುಖವಾಡ

ಎರಿಕ್ ಆರ್ಗನ್ ಮುಂದೆ ಕೂತು ತನ್ನದೇ ಕೃತಿಯನ್ನು ನುಡಿಸುತ್ತಿದ್ದಾನೆ. ಹಿಂದೆ ಕ್ರಿಸ್ಟೀನ್. ಅವಳ ಬೆರಳು ಮುಖವಾಡದ ಹತ್ತಿರ ಹೋಗುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ. ಕಳಚಿದಾಗ ಆ ಮುಖವನ್ನು ಮೊದಲು ಕಾಣುವವರು ನಾವು. ಅವಳು ಇನ್ನೂ ಅವನ ಬೆನ್ನ ಹಿಂದಿದ್ದಾಳೆ.

ಮೊದಲ ಸಲ ನುಡಿಸಿದಾಗ ನಾನು ಆ ಕ್ಷಣಕ್ಕೆ ದೊಡ್ಡ ಕಾರ್ಡ್ ಬಾರಿಸಿದ್ದೆ. ಸಭೆ ಬೆಚ್ಚಿತು, ಮರುಗಳಿಗೆಗೆ ಅಲ್ಲಲ್ಲಿ ನಗೆ ಎದ್ದಿತು. ಸದ್ದಿಗೆ ಬೆಚ್ಚಿದ್ದರು, ಮುಖವನ್ನು ನೋಡಿರಲೇ ಇಲ್ಲ. ಆ ನಟ ತಾನೇ ಬಣ್ಣ ಹಚ್ಚಿಕೊಂಡು, ನೋವು ಸಹಿಸಿ ಕಟ್ಟಿದ ಮುಖವನ್ನು ನಾನು ಮುಚ್ಚಿಬಿಟ್ಟೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ಅವನ ಕೈ ಕೀಲಿಮಣೆಯ ಮೇಲಿರುವಷ್ಟು ಹೊತ್ತು ಪೈಪ್ ಆರ್ಗನ್ ದನಿಯಲ್ಲಿ ಕ್ರಿಸ್ಟೀನಳ ಹಾಡು, ತೋಡಿಯ ನೆಲದ ಮೇಲೆ, ಎರಡೂ ಕೈ ತುಂಬಿ. ಅವಳು ಹಿಂಜರಿದಾಗಲೂ ನಾನು ಹಿಂಜರಿಯುವುದಿಲ್ಲ, ಅವನಿಗೆ ಗೊತ್ತಿಲ್ಲವಲ್ಲ. ಮುಖವಾಡ ಕಳಚಿದ ಗಳಿಗೆ ಕೈ ಎತ್ತಿಬಿಡುತ್ತೇನೆ. ಅವನು ನುಡಿಸುವುದನ್ನು ಬಿಟ್ಟ ಮೇಲೆ ಆರ್ಗನ್ ಎಲ್ಲಿಂದ ನುಡಿಯಬೇಕು? ಹತ್ತು ಸೆಕೆಂಡು ಏನೂ ಇಲ್ಲ. ಹತ್ತು ಸೆಕೆಂಡು ಬಹಳ ಉದ್ದ, ಬೆರಳು ತುರಿಸುತ್ತದೆ, ತಡೆದುಕೊಳ್ಳಿ. ಅವನು ಎದ್ದು ಅವಳ ಮೇಲೆ ಬಾಗಿದ ಮೇಲೆ ಹಾರ್ಮೋನಿಯಂನ ಕೆಳಗಿನ ಬಿ ಒಂದೇ, ಅತಿ ಮೆಲ್ಲಗೆ. ಕಾದಿಟ್ಟ ನಿಷಾದ ಬಂತು.

ಮುಖವಾಡದ ಕೂಟ, ಮಾಳಿಗೆ, ಓಟ

ಮುಖವಾಡದ ಕೂಟದ ದೃಶ್ಯ ಟೆಕ್ನಿಕಲರಿನ ಎರಡು ಬಣ್ಣದ ವಿಧಾನದಲ್ಲಿದೆ. ಅಲ್ಲಿಯವರೆಗೆ ವಾಲ್ಟ್ಜ್ ಇಟ್ಟುಕೊಳ್ಳದೆ ಇಲ್ಲಿಗೇ ಉಳಿಸಿ. ಕೆಂಪು ಮೃತ್ಯುವಿನ ವೇಷದಲ್ಲಿ ಎರಿಕ್ ಮೆಟ್ಟಿಲಿಳಿದಾಗ ಸದ್ದು ಹೆಚ್ಚಿಸುವ ಬದಲು ಬಲಗೈಯನ್ನು ತೆಗೆದುಬಿಡಿ. ವಾಲ್ಟ್ಜಿನ ಕೆಳಸ್ವರದಲ್ಲಿ ಸಿ, ಬಿ, ಸಿ, ಎ ಬರಲಿ. ಲ್ಯಾಟಿನ್ ಚರ್ಚಿನಲ್ಲಿ ಸತ್ತವರ ಪ್ರಾರ್ಥನೆಗೆ ಹಾಡುತ್ತಿದ್ದ ಹಳೆಯ ಧಾಟಿಯ ಮೊದಲ ನಾಲ್ಕು ಸ್ವರಗಳ ನಡೆ ಅದು, ಬರ್ಲಿಯೋಜ್ ಕೂಡ ಅದನ್ನು ಬಳಸಿದ್ದಾರೆ. ನಾಲ್ಕೂ ಬಿಳಿ ಮನೆಗಳೇ ಆದ್ದರಿಂದ ನಿಮ್ಮ ಹಾಡಿನೊಳಗೇ ಕೂರುತ್ತವೆ.

ಮಾಳಿಗೆಯ ಮೇಲೆ ಕ್ರಿಸ್ಟೀನ್ ತನ್ನ ನಲ್ಲ ರಾವುಲ್‌ನೊಡನೆ ಮಾತಾಡುತ್ತಾಳೆ, ಮೇಲಿನ ಪ್ರತಿಮೆಯ ಮರೆಯಲ್ಲಿ ಎರಿಕ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಇಬ್ಬರಿಗೆಂದು ಸಿಹಿಯಾದ ಪ್ರೇಮದ ಧಾಟಿ ತರಬೇಡಿ. ಅದೇ ಹಾಡು, ಪಿಟೀಲು ಒಂದೇ, ಕೆಳಗೆ ಆಧಾರವೇ ಇಲ್ಲ. ಎರಿಕ್ ಕಂಡಾಗಲೆಲ್ಲ ಬಿ ಮೆಲ್ಲಗೆ ಸೇರಿ, ಮಾಯವಾಗಲಿ. ಹಾಡು ಯಾರದು ಎಂಬ ಜಗಳ ಅಲ್ಲೇ ಕೇಳಿಸುತ್ತದೆ.

ಹಿಂಸೆಯ ಕೋಣೆಯ ಭಾಗ ಉದ್ದ. ಒಂದೇ ಬಡಿತದ ನಡೆಯನ್ನು ಹಿಡಿದು ತುಸುತುಸುವೇ ವೇಗ ಏರಿಸುತ್ತ ಹೋದರೆ ಸಾಕು. ಇಂಥ ಕಡೆ ಲೆಕ್ಕ ನೆರವಾಗುತ್ತದೆ: ನಿಮಿಷಕ್ಕೆ 60 ಎಣಿಕೆಯಲ್ಲಿ 44 ಸೆಕೆಂಡಿನ ತುಣುಕು ನಾಲ್ಕೆಣಿಕೆಯ 11 ಮಟ್ಟು. ಪ್ರತಿ ತುಣುಕಿಗೂ ಹೀಗೆ ಬರೆದಿಟ್ಟುಕೊಂಡು, ಕೊನೆಯಲ್ಲಿ ಎರಡು ಮಟ್ಟು ಸುಮ್ಮನೆ ಹಿಗ್ಗಿಸಲು ಬರುವಂತೆ ಬಿಡಿ.

ಪ್ರದರ್ಶನದ ದಿನ

ಪರದೆಗೆ ಬೆನ್ನು ಮಾಡಿ ಕೂರಬೇಡಿ. ಪಕ್ಕದಿಂದ ಕಾಣದಿದ್ದರೆ ಮುಂದೊಂದು ಸಣ್ಣ ಮಾನಿಟರ್ ಇಟ್ಟುಕೊಳ್ಳಿ. ಸ್ವರಲಿಪಿಯ ದೀಪಕ್ಕೆ ಕಪ್ಪು ಕಾಗದದ ಮರೆ ಕಟ್ಟಿ, ಬೆಳಕು ಪರದೆಗೆ ತಾಗಬಾರದು. ಪಿಟೀಲಿನವರು ನಿಮ್ಮ ಎಡಗೈ ಕಾಣುವಂತೆ ಕೂರಲಿ, ಷಡ್ಜ ಬದಲಾಗುವುದು ಅಲ್ಲಿಯೇ. ಹಾರ್ಮೋನಿಯಂನ ಶ್ರುತಿ ಕೀಬೋರ್ಡಿಗೆ ಹೊಂದುತ್ತದೆಯೇ ಎಂದು ವಾರದ ಮುಂಚೆಯೇ ನೋಡಿ. ಹಳೆಯ ಪೆಟ್ಟಿಗೆಗಳು ತುಸು ಆಚೀಚೆ ಇರುತ್ತವೆ. ಕೀಬೋರ್ಡಿನಲ್ಲಿ ಟ್ಯೂನಿಂಗ್ ಹೊಂದಿಸಿಕೊಳ್ಳುವುದು ಸುಲಭ. ಪೂರ್ತಿ ಚಿತ್ರಕ್ಕೆ ನಿಲ್ಲಿಸದೆ ಕನಿಷ್ಠ ಮೂರು ಸಲ ನುಡಿಸಿರಬೇಕು. ತಪ್ಪಿದರೆ ಅಭ್ಯಾಸದಲ್ಲೂ ನಿಲ್ಲಿಸಬೇಡಿ, ಮುಂದಿನ ಕ್ಯೂಗೆ ಹಾರಿ ಸೇರಿಕೊಳ್ಳುವುದನ್ನೂ ಕಲಿಯಬೇಕಲ್ಲ.

ಕೊನೆಯ ಎರಡು ನಿಮಿಷ

ಮೊದಲು ಚಿತ್ರೀಕರಿಸಿದ್ದ ಅಂತ್ಯದಲ್ಲಿ ಎರಿಕ್ ತನ್ನ ಆರ್ಗನ್ ಮೇಲೆಯೇ ಎದೆಯೊಡೆದು ಸಾಯುತ್ತಾನೆ. ಪರೀಕ್ಷಾ ಪ್ರದರ್ಶನಗಳಲ್ಲಿ ಜನರಿಗೆ ಒಪ್ಪಿಗೆಯಾಗದೆ, ಎಡ್ವರ್ಡ್ ಸೆಡ್ಜ್‌ವಿಕ್ ಅವರಿಂದ ಗಾಡಿಯ ಓಟ ಮತ್ತು ಜನರ ಗುಂಪಿನ ಅಂತ್ಯವನ್ನು ಮಾಡಿಸಿದರು. ಓಟಕ್ಕೆ ಹಳೆಯ ಕಾಲದ ರಭಸದ ನಡೆ ಸಾಕು. ನದಿಯ ದಂಡೆಯಲ್ಲಿ ಸಿಕ್ಕಿಬಿದ್ದ ಎರಿಕ್ ಮುಷ್ಟಿ ಎತ್ತುತ್ತಾನೆ, ಸಿಡಿಯುವ ವಸ್ತುವಿದೆಯೆಂದು ಗುಂಪು ಹಿಂಜರಿಯುತ್ತದೆ. ಆಗ ನಿಲ್ಲಿಸಿ. ಅವನು ಮುಷ್ಟಿ ಬಿಚ್ಚುತ್ತಾನೆ, ಅಂಗೈ ಬರಿದು. ಗುಂಪು ಅವನ ಮೇಲೆ ಮುಗಿಬೀಳುತ್ತದೆ.

ಆ ಹೊಡೆತಗಳಿಗೆ ನಾನು ತಾಳ ಹಾಕುವುದಿಲ್ಲ. ಕತ್ತರಿಸಿ ಎಸೆದ ಆರ್ಗನ್ ಸಾವನ್ನು ಅಲ್ಲಿ ಮರಳಿ ತರುತ್ತೇನೆ: ಪೈಪ್ ಆರ್ಗನ್ ದನಿ, ಕ್ರಿಸ್ಟೀನಳ ಹಾಡು, ಮೊದಲ ರಾತ್ರಿಯಂತೆ ಎಡಗೈ ಸಿ ಮೇಲೆ. ಇಡೀ ಚಿತ್ರದಲ್ಲಿ ಅವನ ವಾದ್ಯಕ್ಕೆ ಆ ನೆಲ ಸಿಗುವುದು ಇದೊಂದೇ ಸಲ. ಎಂಟರಲ್ಲಿ ಏಳು ಮಟ್ಟು ಮುಗಿದಾಗ ದನಿ ಹಾರ್ಮೋನಿಯಂಗೆ ದಾಟುತ್ತದೆ. ಕೊನೆಯ ಮಟ್ಟನ್ನು ನುಡಿಸದೆ, ಬೆರಳೆತ್ತಿ, ತಿದಿಯನ್ನು ಮಾತ್ರ ಮೆಲ್ಲಗೆ ಮುಚ್ಚುತ್ತೇನೆ. ಮುಂದಿನ ಸಾಲಿನವರಿಗೆ ಗಾಳಿ ಹೊರಹೋಗುವುದು ಕೇಳಿಸುತ್ತದೆ.